ನೀಲಿ ಖಾನೆಯ ತೂಕ

೫ ಜನವರಿ ೨೦೨೫, ರವಿವಾರ

ಮರಿಗಳು ಬಂದವು. ಮುನ್ನೂರ ಅರವತ್ತು. ತೂತು ಕೊರೆದ ರಟ್ಟಿನ ಪೆಟ್ಟಿಗೆಗಳಲ್ಲಿ ಬೆಳಗಿನ ಚಳಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸರಾಸರಿ ತೂಕ ನಲವತ್ತೆರಡು ಗ್ರಾಂ.

ದಿನಚರಿ ಬರೆದು ರೂಢಿಯಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು, ಪೆನ್ನು ಹಿಡಿದರೆ ಕೈ ಇಂಗ್ಲಿಷಿನ ಕಡೆಗೇ ಹೋಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಬರೆದರೆ ಇದೂ ನನ್ನ ಪಿಎಚ್.ಡಿ. ಪ್ರಬಂಧದ ಹಾಗೆಯೇ ಆಗಿಬಿಡಬಹುದು ಎಂಬ ಭಯ. ಆ ಪ್ರಬಂಧಕ್ಕೆ ಏಳು ವರ್ಷವಾಯಿತು. ಹೋದ ವರ್ಷದ ಕೋಳಿಗಳು ಮೂರನೆಯ ವಾರದಲ್ಲಿ ರೋಗ ಬಂದು ಹೋದವು. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವು ಮಾರ್ಚ್ ಮೂವತ್ತೊಂದು. ಈ ಬ್ಯಾಚಿನಲ್ಲಿ ಫಲಿತಾಂಶ ಬರದಿದ್ದರೆ ನನ್ನ ನೋಂದಣಿ ರದ್ದಾಗುತ್ತದೆ. ನಲವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡುವ ಛಲ ನನ್ನಲ್ಲಿ ಇದೆಯೆ? ಇಲ್ಲವೆಂದೇ ತೋರುತ್ತದೆ.

ಕೋಳಿಗೆ ಬೆಳಕು ಕಣ್ಣಿನಿಂದ ಮಾತ್ರ ತಿಳಿಯುವುದಿಲ್ಲ. ತೆಳ್ಳನೆಯ ತಲೆಬುರುಡೆಯ ಮೂಲಕ ಮಿದುಳಿಗೂ ಇಳಿಯುತ್ತದೆ. ಹಸಿರು ಬೆಳಕಿನಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚುತ್ತದೆ, ನೀಲಿ ಬೆಳಕು ಹಕ್ಕಿಯನ್ನು ಶಾಂತವಾಗಿಟ್ಟು ಮೈ ತುಂಬಿಸುತ್ತದೆ ಎಂದು ಬೇರೆ ದೇಶಗಳ ಕೆಲವರು ಬರೆದಿದ್ದಾರೆ. ನಮ್ಮ ಕಡೆಯ ಶೆಡ್ಡಿನಲ್ಲೂ ಹಾಗೇ ಆಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಖಾನಾಪುರದಿಂದ ಜಾಂಬೋಟಿಗೆ ಹೋಗುವ ರಸ್ತೆಯಲ್ಲಿ ಗೌಸಸಾಬರ ಕೋಳಿ ಶೆಡ್ಡು ಇದೆ. ಅದರ ಒಂದು ತುದಿಯಲ್ಲಿ ಒಂಬತ್ತು ಖಾನೆ ಮಾಡಿಸಿ, ಹಗಲು ಬೆಳಕು ನುಸುಳದಂತೆ ಕರಿ ತಾಡಪತ್ರಿ ಕಟ್ಟಿಸಿದ್ದೇನೆ. ಮೂರು ಖಾನೆಗೆ ಬಿಳಿ ದೀಪ, ಮೂರಕ್ಕೆ ಹಸಿರು, ಮೂರಕ್ಕೆ ನೀಲಿ. ಖಾನೆಗೆ ನಲವತ್ತು ಮರಿ. ದಿನಾ ಮೇವು, ನೀರು ನೋಡುವುದು ಗೌಸಸಾಬರ ಹೆಂಡತಿಯ ಕೆಲಸ.

೧೨ ಜನವರಿ, ರವಿವಾರ

ಮೊದಲ ತೂಕ. ಪ್ರತಿ ಖಾನೆಯಿಂದ ಹತ್ತು ಮರಿ. ನಾನು ತಾಡಪತ್ರಿಯ ಹೊರಗೆ ಬಾಗಿಲ ಹತ್ತಿರ ಮೇಜು, ತಕ್ಕಡಿ ಇಟ್ಟುಕೊಂಡು ಕುಳಿತೆ. ಗೌಸಸಾಬರ ಹೆಂಡತಿ ಒಳಗಿನಿಂದ ಒಂದೊಂದಾಗಿ ತಂದು ಕೊಟ್ಟಳು. ಯಾವುದಾದರೂ ಹತ್ತು ಸಾಕು ಎಂದು ಹೇಳಿದ್ದೆ.

ನಾನು ಒಳಗೆ ಹೋದರೆ ಹಕ್ಕಿಗಳು ಬೆದರುತ್ತವೆ, ಆದ್ದರಿಂದ ಅವುಗಳಿಗೆ ರೂಢಿಯಾದ ಆಳೇ ಹಿಡಿಯಬೇಕು ಎಂದು ವಿಧಾನದ ಅಧ್ಯಾಯದಲ್ಲಿ ಬರೆದಿದ್ದೇನೆ. ಅದು ನಿಜ. ಆ ನೀಲಿ ಬೆಳಕಿಗೆ ನನಗೆ ಹೊಟ್ಟೆ ತೊಳಸುತ್ತದೆ ಎಂಬುದೂ ನಿಜ. ಅದನ್ನು ಬರೆದಿಲ್ಲ.

ಬಿಳಿ ಖಾನೆಯಿಂದ ಬಂದ ಒಂದು ಮರಿ ಕತ್ತು ಎತ್ತುತ್ತಿರಲಿಲ್ಲ. “ಇದು ಯಾಕೋ ಮಂಕ ಆಗೇತ್ರಿ ಮೇಡಂ. ನೀರಿಗೂ ಏಳವಲ್ದು,” ಎಂದಳು. ಚೀಲದಲ್ಲಿ ವಿಟಮಿನ್ ಹನಿ ಇತ್ತು. ಕೊಕ್ಕು ಬಿಡಿಸಿ ನಾಲ್ಕು ಹನಿ ಹಾಕಿದೆ. ಹಾಗೆ ಮಾಡಬಾರದಿತ್ತೇನೋ. ಪ್ರಯೋಗದಲ್ಲಿ ಒಂದಕ್ಕೆ ಕೊಟ್ಟದ್ದನ್ನು ಎಲ್ಲಕ್ಕೂ ಕೊಡಬೇಕು. ಆದರೆ ಅವಳು ಎದುರಿಗೇ ನಿಂತಿದ್ದಳು. ನಾಲ್ಕು ಹನಿಯಿಂದ ಏನಾಗುತ್ತದೆ?

೧೪ ಜನವರಿ

ಸಂಕ್ರಮಣ. ಕುಸುರೆಳ್ಳು ಕೊಡಲು ಬಂದವರೆಲ್ಲ ಪ್ರಬಂಧ ಎಲ್ಲಿಗೆ ಬಂತು ಎಂದು ಕೇಳಿದರು. ಒಂಬತ್ತು ದಿನದ್ದಾಗಿದೆ ಎಂದೆ. ತತ್ತಿಯನ್ನೂ ಒಳಗೆ ತರದ ಮನೆ ನಮ್ಮದು. ಚಿಕ್ಕತ್ತೆ ಗಂಗಾದೇವಿ ನನ್ನ ಕೈಯಿಂದ ಎಳ್ಳು ತೆಗೆದುಕೊಳ್ಳುವ ಮೊದಲು, ಇವತ್ತು ಕೋಳಿ ಮುಟ್ಟಿಲ್ಲವಲ್ಲ ಎಂದು ಮೆಲ್ಲಗೆ ವಿಚಾರಿಸಿಕೊಂಡರು.

೧೯ ಜನವರಿ, ರವಿವಾರ

ಹದಿನಾಲ್ಕು ದಿನ. ಬಿಳಿ ೪೨೮ ಗ್ರಾಂ, ಹಸಿರು ೪೩೯, ನೀಲಿ ೪೬೨.

ಮೂರು ಸಲ ಲೆಕ್ಕ ಹಾಕಿದೆ. ಏಳು ವರ್ಷದಲ್ಲಿ ಮೊದಲ ಸಲ ಅಂಕಿಗಳು ನಾನು ಅಂದುಕೊಂಡ ದಿಕ್ಕಿಗೆ ನಡೆದಿವೆ.

ಹೋದ ವಾರದ ಮಂಕು ಮರಿ ಬದುಕಿದೆಯಂತೆ. ಮಮ್ತಾಜ (ಗೌಸಸಾಬರ ಹೆಂಡತಿಯ ಹೆಸರು) ಅದನ್ನು ಹುಡುಕಿ ತಂದು ತೋರಿಸಿದಳು. ಇವತ್ತು ಇನ್ನೂ ಐದಾರು ಸೊರಗಿದವು ಬಂದವು, ಅವಕ್ಕೂ ಹನಿ ಹಾಕಿದೆ. ಬೇಡ ಎನ್ನಲು ಆಗಲಿಲ್ಲ.

೨೬ ಜನವರಿ, ರವಿವಾರ

ನಾನು ಪಾಠ ಮಾಡುವ ಕಾಲೇಜಿನಲ್ಲಿ ಧ್ವಜಾರೋಹಣ ಮುಗಿಸಿ ಹನ್ನೊಂದರ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಬಿಳಿ ೮೩೬. ನೀಲಿ ೯೩೧. ಹಸಿರು ನಡುವೆ ಎಲ್ಲೋ ಇದೆ.

ನನ್ನ ಮಾರ್ಗದರ್ಶಕರಾದ ಗುರುಪುತ್ರಪ್ಪ ಸರ್‌ಗೆ ಬಸ್ಸಿನಿಂದಲೇ ಫೋನ್ ಮಾಡಿದೆ. ಅವರಿಗೆ ನಾನಾಗಿ ಫೋನ್ ಮಾಡಿದ್ದು ಇದೇ ಮೊದಲಿರಬೇಕು. ಯಾವಾಗಲೂ ಸಂದೇಶ ಕಳಿಸಿ, ಅವರು ಕರೆಯುವವರೆಗೆ ಕಾಯುತ್ತೇನೆ. ಫೆಬ್ರವರಿ ಇಪ್ಪತ್ತೆರಡರ ವಿಚಾರ ಸಂಕಿರಣದಲ್ಲಿ ಇದನ್ನು ಮಂಡಿಸಿರಿ ಎಂದರು. ದನಿಯಲ್ಲಿ ಖುಷಿಯಿತ್ತು. ದೇಸೂರು ದಾಟುವವರೆಗೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

೨ ಫೆಬ್ರವರಿ, ರವಿವಾರ

ಬಿಳಿ ೧೩೧೮, ಹಸಿರು ೧೩೬೦, ನೀಲಿ ೧೪೮೯. ವ್ಯತ್ಯಾಸ ೧೭೧ ಗ್ರಾಂ. ತೂಗಿದ ಹಕ್ಕಿಗಳಲ್ಲೇ ಖಾನೆಗೆ ಐದರ ರೆಕ್ಕೆಯಿಂದ ರಕ್ತ ತೆಗೆದು ಹಾರ್ಮೋನು ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ.

ಊಟಕ್ಕೆ ಕುಳಿತಾಗ ಗಂಡ ಪ್ರಸಾದರಿಗೆ ಹೇಳಿದೆ. ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ತಪಾಸಣೆ ಮಾಡುವ ಮನುಷ್ಯ. ಮೊದಲು ಸಂತೋಷಪಟ್ಟರು. ಆಮೇಲೆ ರೊಟ್ಟಿ ಮುರಿಯುತ್ತ ಕೇಳಿದರು, “ಪೆಟ್ಟಿಗಿ ಮ್ಯಾಲಿನ ಮಾಲಷ್ಟ ಎತ್ತಿ ನೋಡಿದ್ರ ಎಲ್ಲಾ ಚಲೋನ ಕಾಣ್ತೈತಿ. ನಿನ್ನ ಕೋಳಿ ಯಾರು ಆರಸ್ತಾರ?”

ಕೋಳಿ ಎಂದರೆ ಎರಕದ ಕಬ್ಬಿಣವಲ್ಲ ಎಂದೆ. ಅಷ್ಟು ಒರಟಾಗಿ ಹೇಳಬೇಕಿತ್ತೆ?

೯ ಫೆಬ್ರವರಿ, ರವಿವಾರ

ಬಿಳಿ ೧೯೬೨. ಹಸಿರು ೧೯೭೦. ನೀಲಿ ೧೯೮೫.

ಇಪ್ಪತ್ತಮೂರು ಗ್ರಾಂ. ಒಂದು ವಾರದ ಹಿಂದೆ ನೂರ ಎಪ್ಪತ್ತೊಂದು ಇದ್ದದ್ದು.

ಮಮ್ತಾಜ ಇರಲಿಲ್ಲ. ತಂಗಿಯ ಮಗಳ ಹೆರಿಗೆಗೆಂದು ಕಿತ್ತೂರಿಗೆ ಹೋಗಿದ್ದಾಳೆ. ಗೌಸಸಾಬರೇ ಹಿಡಿದು ಕೊಟ್ಟರು. ತಕ್ಕಡಿ ಕೆಟ್ಟಿರಬೇಕೆಂದು ಒಂದು ಕಿಲೋ ಬಟ್ಟು ಇಟ್ಟು ನೋಡಿದೆ. ಸರಿಯಿತ್ತು. ತಾಡಪತ್ರಿ ಸರಿಸಿ ಹೊರಗಿನಿಂದಲೇ ದೀಪ ನೋಡಿದೆ. ಸರಿಯಿದ್ದವು. ಕೊನೆಗೆ ಗೌಸಸಾಬರ ಮೇಲೆ ಹರಿಹಾಯ್ದೆ. ಮನಸ್ಸಿಟ್ಟು ಹಿಡಿದಿಲ್ಲ, ಅವಸರ ಮಾಡಿದಿರಿ, ನನ್ನ ಏಳು ವರ್ಷದ ಕೆಲಸ ಎಂದೆಲ್ಲ ಅಂದೆ. ನನಗಿಂತ ಹತ್ತು ವರ್ಷ ದೊಡ್ಡವರು. ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು, “ಯಾವ್ದರ ಹತ್ತು ಅಂದಿದ್ರೆಲ್ರಿ. ಕಣ್ಣ ಮುಚ್ಚಿ, ಕೈಗೆ ಸಿಕ್ಕ ಹತ್ತು ಕೊಟ್ಟೇನ್ರಿ.”

ಬಸ್ಸಿನಲ್ಲಿ ಬರುವಾಗ ಅವರ ಮಾತು ಕೇಳಿಸುತ್ತಲೇ ಇತ್ತು. ಅವರದು ತಪ್ಪು ಎಂದು ಸಾಬೀತು ಮಾಡಲು ಏನೇನು ಇದೆ ಎಂದು ಯೋಚಿಸುತ್ತ ಬಂದೆ.

೧೦ ಫೆಬ್ರವರಿ

ಗುರುಪುತ್ರಪ್ಪ ಸರ್ ಫೋನ್. ನಾಲ್ಕು ವಾರ ಒಂದು ಮಾತು ಹೇಳಿ ಐದನೆಯ ವಾರ ಬೇರೆ ಹೇಳಿದರೆ ಆ ವಾರದ್ದೇ ಏನೋ ದೋಷ ಎಂದರು. “ಮೇವು ಬದಲಾತು ಅಂತ ಒಂದ ಸಾಲು ಹಾಕ್ರಿ. ಆ ವಾರದ್ದು ಬಿಟ್ಟುಬಿಡ್ರಿ.”

ಐದನೆಯ ವಾರ ಮೇವು ಬದಲಾದದ್ದು ಸುಳ್ಳಲ್ಲ. ಎಲ್ಲ ಶೆಡ್ಡುಗಳಲ್ಲೂ ಬದಲಾಗುತ್ತದೆ, ಒಂಬತ್ತೂ ಖಾನೆಗೆ ಒಂದೇ ದಿನ ಬದಲಾಯಿತು. ಒಂದು ನಿಜವಾದ ಸಾಲನ್ನು ಬರೆದು ಸುಳ್ಳು ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಬರೆದೆ. ಫೈಲ್ ಉಳಿಸಿಟ್ಟೆ.

೧೨ ಫೆಬ್ರವರಿ, ಬುಧವಾರ

ಮಧ್ಯಾಹ್ನದ ರಜೆ ಹಾಕಿ ಖಾನಾಪುರಕ್ಕೆ ಹೋದೆ. ಮಮ್ತಾಜ ಬಂದಿದ್ದಾಳೆಂದು ತಿಳಿದಿತ್ತು. ಹೋದದ್ದು ಏಕೆಂದು ಪ್ರಾಮಾಣಿಕವಾಗಿ ಬರೆಯಬೇಕೆಂದರೆ, ಗೌಸಸಾಬರಿಗೆ ಕೋಳಿ ಹಿಡಿಯಲು ಬರುವುದಿಲ್ಲ ಎಂಬ ಮಾತನ್ನು ಅವಳ ಬಾಯಿಂದ ಕೇಳಲು.

ಹೆಣ್ಣುಕೂಸು ಹುಟ್ಟಿದೆಯಂತೆ, ಮೂರು ಕಿಲೋ ತುಂಬಿದೆಯಂತೆ. ನನ್ನ ಕೈಗೆ ಸಿಹಿ ಕೊಟ್ಟಳು. ಶೆಡ್ಡಿನ ಕಟ್ಟೆಯ ಮೇಲೆ ಕುಳಿತು, ಪ್ರತಿ ವಾರ ಹತ್ತು ಕೋಳಿ ಹೇಗೆ ಆರಿಸುತ್ತಿದ್ದೆ ಎಂದು ಕೇಳಿದೆ. ಇದೂ ಒಂದು ಕೇಳುವ ಮಾತೇ ಎಂಬಂತೆ ನೋಡಿದಳು.

“ನೀವ ಔಷಧ ಹಾಕ್ತೀರಂತ ಬ್ಯಾನಿ ಇದ್ದದ್ದನ್ನ ಮದ್ಲ ಹುಡಿಕಿ ಕೊಡ್ತಿದ್ನಿರೀ. ನಾಲ್ಕು, ಐದು. ಮ್ಯಾಲ ಉಳಿದದ್ದು ಕೈಗೆ ಸಿಕ್ಕದ್ದು. ನಿಮ್ಮ ಕೈಯಾಗ ಬಂದದ್ದು ಒಂದೂ ಸತ್ತಿಲ್ಲ ನೋಡ್ರಿ.”

ನೀಲಿ ಖಾನೆಯಿಂದಲೂ ಹಾಗೆಯೇ ಕೊಡುತ್ತಿದ್ದೆಯಾ ಎಂದೆ.

“ನೀಲ್ಯಾಗ ಹ್ಯಾಂಗ ಕೊಡಬೇಕ್ರಿ? ಅಲ್ಲೆ ಎಲ್ಲಾವೂ ಸುಮ್ನ ಕುಂತಿರ್ತಾವು. ಬ್ಯಾನಿ ಇದ್ದದ್ದ್ಯಾವ್ದು, ಆರಾಮ ಇದ್ದದ್ದ್ಯಾವ್ದು, ಗೊತ್ತ ಆಗಂಗಿಲ್ಲ. ಕತ್ತಲಾಗ ಕೈ ಹಾಕಿದ್ರ ದೊಡ್ಡದ ಸಿಗ್ತೈತಿ. ಬರ್ರಿ, ತೋರಸ್ತೇನಿ.”

ನನ್ನ ಮಣಿಕಟ್ಟು ಹಿಡಿದು ಒಳಗೆ ಕರೆದುಕೊಂಡು ಹೋದಳು. ಐದು ವಾರದಲ್ಲಿ ನಾನು ನೀಲಿ ಖಾನೆಯಲ್ಲಿ ಕಾಲಿಟ್ಟದ್ದು ಮೊದಲ ಸಲ. ಬಾಗಿಲ ತಾಡಪತ್ರಿ ಬಿದ್ದಕೂಡಲೇ ಅವಳ ಮುಖ ಕೂಡ ಬರಿಯ ಆಕಾರವಾಯಿತು. ಭತ್ತದ ಹೊಟ್ಟಿನ ಮೇಲೆ ಹಕ್ಕಿಗಳು ಗುಂಡುಕಲ್ಲುಗಳ ಹಾಗೆ ಕುಳಿತಿದ್ದವು. ಬಾಗಿ ನೋಡಿದೆ. ರೋಗದ ಲಕ್ಷಣಗಳನ್ನು ಇಪ್ಪತ್ತೆರಡು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದವಳು. ಬಾಡಿದ ಜುಟ್ಟು, ಬಿಳಿಚಿದ ಚರ್ಮ, ಮುಚ್ಚಿದ ಕಣ್ಣು. ಆ ಬೆಳಕಿನಲ್ಲಿ ಜುಟ್ಟಿಗೆ ಬಣ್ಣವೇ ಇರಲಿಲ್ಲ. ಇದರಲ್ಲಿ ಸೊರಗಿದ್ದು ಯಾವುದು ತೋರಿಸಿರಿ ಎಂದು ಅವಳು ಕೇಳಿದಳು. ಒಂದನ್ನು ತೋರಿಸಿದೆ. ಹೊರಗೆ ಬೆಳಕಿಗೆ ತಂದರೆ ಅದು ದಷ್ಟಪುಷ್ಟವಾಗಿ ನನ್ನ ಬೆರಳು ಕುಕ್ಕಿತು.

ಕಟ್ಟೆಯ ಮೇಲೆ ಕುಳಿತೆ. ಬಿಳಿ ಖಾನೆಯ ಸರಾಸರಿಯಲ್ಲಿ ಪ್ರತಿ ವಾರ ಸೊರಗಿದವೇ ಸೇರುತ್ತ ಬಂದಿದ್ದವು, ನೀಲಿಯಲ್ಲಿ ದೊಡ್ಡವು. ನಾನು ನಾಲ್ಕು ವಾರ ತೂಗಿದ್ದು ಕೋಳಿಗಳನ್ನಲ್ಲ, ಮಮ್ತಾಜಳ ಕರುಣೆಯನ್ನು. ಅದಕ್ಕೆ ದಾರಿ ಮಾಡಿದ್ದು ನನ್ನ ನಾಲ್ಕು ಹನಿ.

ಅವಳು ಹೆದರಿದಳು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಎರಡು ಸಲ ಕೇಳಿದಳು. ಇಲ್ಲ ಎಂದೆ. ಯಾಕೆ ಇಲ್ಲ ಎಂದು ವಿವರಿಸದೆ ಬಸ್ಸು ಹಿಡಿದೆ.

೧೩ ಫೆಬ್ರವರಿ

ಐದನೆಯ ವಾರವನ್ನು ಬಿಟ್ಟುಬಿಡಬಹುದು. ಯಾರಿಗೂ ತಿಳಿಯುವುದಿಲ್ಲ. ತಿಳಿದಿರುವ ಒಬ್ಬಳಿಗೆ ತಾನು ಏನು ತಿಳಿದಿದ್ದೇನೆ ಎಂಬುದು ಗೊತ್ತಿಲ್ಲ.

೧೪ ಫೆಬ್ರವರಿ

ಪ್ರಸಾದರಿಗೆ ಹೇಳಿದೆ. ನಾ ಮೊದಲೇ ಹೇಳಿದ್ದೆ ಎನ್ನಲಿಲ್ಲ. ಎಷ್ಟು ಕೋಳಿ ಉಳಿದಿವೆ ಎಂದು ಕೇಳಿದರು. ಮುನ್ನೂರ ನಲವತ್ತೊಂಬತ್ತು ಎಂದೆ. “ಹಂಗಾದ್ರ ಎಲ್ಲಾ ತೂಗು. ಆರಸೂ ಜಗಳನ ಬ್ಯಾಡ.”

೧೬ ಫೆಬ್ರವರಿ, ರವಿವಾರ

ನಲವತ್ತೆರಡನೆಯ ದಿನ. ಸೋಮವಾರ ಮುಂಜಾನೆ ವ್ಯಾಪಾರಿಯ ಗಾಡಿ ಬರುವುದಿತ್ತು, ಇವತ್ತು ಬಿಟ್ಟರೆ ಮತ್ತೆ ಆಗುತ್ತಿರಲಿಲ್ಲ. ಏಳೂವರೆಗೆ ಶುರುಮಾಡಿ ಸಂಜೆ ಐದಕ್ಕೆ ಮುಗಿಸಿದೆವು. ಎಲ್ಲ ಹಕ್ಕಿ. ಸೊರಗಿದ್ದು, ಕುಂಟುವುದು, ಒಂದೂ ಬಿಡದೆ.

ಮೊದಲು ಗೌಸಸಾಬರಲ್ಲಿ ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳದವರ ಹಾಗೆ ತಕ್ಕಡಿ ಎತ್ತಿಟ್ಟರು. ಮಧ್ಯಾಹ್ನ ಇನ್ನೂರು ದಾಟಿದಾಗ, ಇದು ಮತ ಎಣಿಕೆಗಿಂತ ಕಡೆಯಾಯಿತು, ಅಲ್ಲಾದರೂ ಮತಗಳು ಕುಕ್ಕುವುದಿಲ್ಲ ಎಂದರು. ಸಿಟ್ಟು ಹೋಗಿದೆ ಎಂದುಕೊಂಡೆ.

ಈ ಸಲ ನಾನು ಹೊರಗೆ ಕೂರಲಿಲ್ಲ. ನೀಲಿ ಖಾನೆಯಲ್ಲಿ ಮಮ್ತಾಜ ಆಪಾನ (ಆಪಾ ಎಂದರೆ ಅಕ್ಕ) ಜೊತೆ ನಾನೂ ಹಿಡಿದೆ. ಕಾಣದಿದ್ದರೆ ಕೈಯಿಂದ ತಿಳಿಯುತ್ತದೆ ಎಂದು ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ತೋರಿಸಿದಳು. ತಿಂದ ಹಕ್ಕಿಯದು ತುಂಬಿ ಮೆತ್ತಗಿರುತ್ತದೆ, ಸೊರಗಿದ ಹಕ್ಕಿಯದು ಬರಿದು. ಎದೆಯ ಎಲುಬು ಕತ್ತಿಯ ಹಾಗೆ ಕೈಗೆ ಹತ್ತುತ್ತದೆ. ಎರಡು ತಾಸಿಗೆ ನನಗೂ ತಿಳಿಯತೊಡಗಿತು. ನಾನು ಓದಿದ ಪುಸ್ತಕಗಳಲ್ಲೂ ಇದು ಇದ್ದಿರಬೇಕು.

ಬಿಳಿ ೨೪೩೮. ಹಸಿರು ೨೪೪೭. ನೀಲಿ ೨೪೬೧. ಇಪ್ಪತ್ತಮೂರು ಗ್ರಾಂ. ಸಂಖ್ಯಾಶಾಸ್ತ್ರದ ಪ್ರಕಾರ ಏನೂ ಅಲ್ಲ.

ಆಮೇಲೆ ಸಾವಿನ ಪಟ್ಟಿ ತೆಗೆದೆ. ಅದನ್ನು ಪ್ರತಿ ವಾರ ಬರೆದವಳು ನಾನೇ, ಓದಿರಲಿಲ್ಲ. ಬಿಳಿಯಲ್ಲಿ ಸತ್ತದ್ದು ಒಂದು. ಹಸಿರಿನಲ್ಲಿ ಎರಡು. ನೀಲಿಯಲ್ಲಿ ಎಂಟು. ಎಂಟೂ ಚಿಕ್ಕವು. ಅವು ಬದುಕಿದ್ದರೆ ನೀಲಿಯ ಸರಾಸರಿ ಇನ್ನೂ ಇಳಿಯುತ್ತಿತ್ತು. ಅಲ್ಲಿ ಸೊರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬೇರೆ ಖಾನೆಗಳಲ್ಲಿ ಕಣ್ಣಿಗೆ ಬಿದ್ದವು ಬದುಕಿದವು. ನನ್ನ ಹನಿಯಿಂದಲೇ ಬದುಕಿದವೋ, ಎತ್ತಿ ನೀರಿನ ಹತ್ತಿರ ಬಿಟ್ಟದ್ದರಿಂದಲೋ, ಹೇಳಲಾರೆ.

ಮೈಯೆಲ್ಲ ಹೊಟ್ಟು, ಪುಕ್ಕ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಕುಳಿತಳು. ಕಿಟಕಿಯ ಜಾಗ ಸಿಕ್ಕಿತು.

೧೮ ಫೆಬ್ರವರಿ

ರಕ್ತದ ವರದಿ ಬಂತು. ನೀಲಿ ಖಾನೆಯಲ್ಲಿ ಬೆಳವಣಿಗೆಯ ಹಾರ್ಮೋನು ಸ್ಪಷ್ಟವಾಗಿ ಹೆಚ್ಚು. ಎಷ್ಟು ಚೆಂದದ ಪಟ್ಟಿ. ಆದರೆ ಆ ರಕ್ತ ಅದೇ ಆರಿಸಿದ ಹಕ್ಕಿಗಳದು. ಒಂದು ಕಡೆ ರೋಗಿಗಳ ರಕ್ತ, ಇನ್ನೊಂದು ಕಡೆ ಪೈಲ್ವಾನರದು. ಕವರಿನಲ್ಲಿ ತಿರುಗಿ ಹಾಕಿ ಕಪಾಟಿನಲ್ಲಿಟ್ಟೆ. ಮೇವಿನ ಸಾಲು ಬರೆದಿದ್ದ ಫೈಲನ್ನು ಅಳಿಸಿದೆ.

೨೧ ಫೆಬ್ರವರಿ, ಶುಕ್ರವಾರ

ಹೇಳದೆ ಕೇಳದೆ ಗುರುಪುತ್ರಪ್ಪ ಸರ್ ಕೋಣೆಗೆ ಹೋದೆ. ನಡೆದದ್ದನ್ನು ಹನಿಯಿಂದ ಶುರುಮಾಡಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆಯ ಸಂಕಿರಣದ ಪಟ್ಟಿಯಲ್ಲಿ ನನ್ನ ಹೆಸರು ಅಚ್ಚಾಗಿತ್ತು. ನಾಲ್ಕು ವಾರದ ಅಂಕಿ, ರಕ್ತದ ವರದಿ, ಎರಡೂ ಒಂದನ್ನೊಂದು ಒಪ್ಪುತ್ತವೆ, ಇದಕ್ಕಿಂತ ಕಡಿಮೆ ಇಟ್ಟುಕೊಂಡು ಡಾಕ್ಟರ್ ಆದವರಿದ್ದಾರೆ ಎಂದರು. ಅದು ನನಗೂ ಗೊತ್ತು. ಎರಡೂ ಒಪ್ಪುವುದು ಒಂದೇ ಕೈಯಿಂದ ಬಂದದ್ದಕ್ಕೆ ಎಂದೆ.

“ಅಂದ್ರ ಏಳು ವರ್ಷಕ್ಕ ಏನೂ ಸಿಗಲಿಲ್ಲ ಅಂತಾತು.”

ಸಾವಿನ ಪಟ್ಟಿಯ ಎಂಟು ಮತ್ತು ಒಂದರ ಲೆಕ್ಕ ಅವರ ಮುಂದಿಟ್ಟೆ. ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ನೋಡಿದರು. ಇದು ಬೆಳಕಿನ ಪರಿಣಾಮವಲ್ಲ, ನೋಡುವವರ ಪರಿಣಾಮ ಎಂದರು.

“ಬೆಳಕು ನೋಡುವವರ ಮ್ಯಾಲೂ ಬೀಳ್ತೈತಿ ಸರ್,” ಎಂದೆ.

ಅವಧಿ ವಿಸ್ತರಣೆಯ ಅರ್ಜಿ ತೆಗೆದು ಕೊಟ್ಟೆ. ಇನ್ನೊಂದು ಬ್ಯಾಚಿಗೆ ಆರು ತಿಂಗಳು. ಕಾರಣ ಎಂಬಲ್ಲಿ ಎಲ್ಲರೂ ಆರೋಗ್ಯ ಎಂದು ಬರೆಯುತ್ತಾರೆ. ನಾನು ಬರೆದದ್ದು: ತೂಕಕ್ಕೆ ಹಕ್ಕಿಗಳನ್ನು ಆರಿಸಿದ ಕ್ರಮ ಸರಿಯಿರಲಿಲ್ಲ, ಅದು ನನ್ನ ತಪ್ಪು. ಅವರು ಅದನ್ನು ಎರಡು ಸಲ ಓದಿದರು. ಕೊನೆಯ ಗಡುವಿನ ಮೇಲೆ ಮತ್ತೊಂದು ಗಡುವು ಸಮಿತಿ ಕೊಡುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ, ಅಲ್ಲಿ ಇಬ್ಬರಾದರೂ ವಿರೋಧಿಸುತ್ತಾರೆ ಎಂದರು. ನಾಳೆಯ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, ಶಿಫಾರಸಿನ ಜಾಗದಲ್ಲಿ ಸಹಿ ಹಾಕಿದರು.

ಹೊರಗೆ ಬಂದು ನೋಡಿದರೆ ತಾರೀಖು ಹಾಕಿರಲಿಲ್ಲ. ತಿರುಗಿ ಹೋಗಿ ಹಾಕಿಸಿಕೊಂಡು ಬಂದೆ.

೨೩ ಫೆಬ್ರವರಿ, ರವಿವಾರ

ಕೋಳಿಯಿಲ್ಲದ ರವಿವಾರ. ಆದರೂ ಖಾನಾಪುರಕ್ಕೆ ಹೋದೆ. ಶೆಡ್ಡು ಖಾಲಿ, ಹೊಟ್ಟು ಎತ್ತಿ ಸುಣ್ಣ ಬಳಿಯುತ್ತಿದ್ದರು. ಸಮಿತಿ ಒಪ್ಪಿದರೆ ಏಪ್ರಿಲಿನಲ್ಲಿ ಮತ್ತೆ ಖಾನೆ ಬೇಕು, ಒಪ್ಪದಿದ್ದರೂ ಬೇಕು ಎಂದೆ. ಒಪ್ಪದಿದ್ದರೂ ಎಂದದ್ದು ಬಾಯಿಂದ ಹೇಗೆ ಬಂತೋ. ಗೌಸಸಾಬರು ಹೆಂಡತಿಯ ಮುಖ ನೋಡಿದರು.

ಆಪಾ ಸುಣ್ಣದ ಕುಂಚವನ್ನು ಬಕೀಟಿನ ಅಂಚಿಗೆ ಒರಗಿಸಿ, ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳಿದಳು. ಹಕ್ಕಿ ಹಿಡಿದು ಕೊಟ್ಟವರ ವಿಷಯವನ್ನೂ ಪ್ರಬಂಧದಲ್ಲಿ ಬರೆಯುತ್ತೇನೆ ಎಂದು ಹೋದ ವಾರ ಗೌಸಸಾಬರಿಗೆ ಹೇಳಿದ್ದೆ. “ನಿಮ್ಮ ಬುಕ್ಕಿನ್ಯಾಗ ನನ್ನ ಸುದ್ದಿ ಬರೀತೀರಂತ, ಖರೇ ಏನ್ರಿ? ತಪ್ಪ ಮಾಡಿದಾಕಿ ಅಂತ?”

“ಇಲ್ಲ ಆಪಾ. ಕೋಳಿ ನೋಡಿದಾಕಿ ಅಂತ. ನಾ ನೋಡಲಿಲ್ಲ, ನೀವು ನೋಡಿದ್ರಿ.”

ಅವಳು ಕೈಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

“ಹಂಗಾದ್ರ ಬರೀ ಮಮ್ತಾಜ ಅಂತ ಬರೀಬ್ಯಾಡ್ರಿ. ಈ ಊರಾಗ ನಾಲ್ಕು ಮಂದಿ ಮಮ್ತಾಜ ಅದಾರ.”

ಚೀಲದಿಂದ ಪುಸ್ತಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡೆ. ಅವಳು ನಿಧಾನವಾಗಿ, ಒಂದೊಂದು ಪದಕ್ಕೂ ನನ್ನ ಪೆನ್ನು ಮುಟ್ಟುವವರೆಗೆ ಕಾದು ಹೇಳಿದಳು: ಮಮ್ತಾಜಬೇಗಂ ಗೌಸಸಾಬ ನದಾಫ.